ಎಂ.ಎಸ್ಸಿ.ಗೆ ಎರಡು ವರ್ಷ: ಕಬ್ಬಿನ ನಾಡಿನ ಮಕ್ಕಳು ಹಾಕಬೇಕಾದ ಲೆಕ್ಕ

ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ರಿಸಲ್ಟ್ ಬಂದ ವಾರ ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅಥಣಿಯಿಂದಲೋ ರಾಯಬಾಗದಿಂದಲೋ ಒಬ್ಬ ಹುಡುಗ, "ಸರ್, 78 ಪರ್ಸೆಂಟ್ ಆಗೇದರಿ. ಎಂ.ಎಸ್ಸಿ. ಮಾಡ್ಲೋ, ಬಿ.ಎಡ್. ಮಾಡ್ಲೋ, ಇಲ್ಲಾ ಫ್ಯಾಕ್ಟರಿ ಲ್ಯಾಬಿಗೆ ಹೋಗ್ಲೋ?" ಅನ್ನುತ್ತಾನೆ. ಹಿಂದಿನಿಂದ ಅಪ್ಪನ ದನಿ ಕೇಳಿಸುತ್ತದೆ: "ಎಂ.ಎಸ್ಸಿ. ಮಾಡಿದ್ರ ನೌಕರಿ ಸಿಗತೈತೇನ, ಮದಲ ಅದನ್ನ ಕೇಳ."

ಇಬ್ಬರ ಪ್ರಶ್ನೆಯೂ ಸರಿಯೇ. ಕೇಳಿದ ತಿಂಗಳು ಮಾತ್ರ ತಪ್ಪು. ರಿಸಲ್ಟ್ ಕೈಗೆ ಬರುವ ಹೊತ್ತಿಗೆ ದೇಶದ ಒಳ್ಳೆಯ ಎಂ.ಎಸ್ಸಿ. ಸೀಟುಗಳ ಪರೀಕ್ಷೆಗಳು ಮುಗಿದುಹೋಗಿರುತ್ತವೆ. ಆಮೇಲೆ ಉಳಿಯುವುದು ಎಲ್ಲಿ ಅರ್ಜಿ ತೆರೆದಿದೆಯೋ ಅಲ್ಲಿ, ಯಾವ ವಿಷಯ ಸಿಕ್ಕಿತೋ ಅದು. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಕಡೆಯ ಮಕ್ಕಳು ಜಾಣತನದಲ್ಲಿ ಯಾರಿಗೂ ಕಡಿಮೆಯಿಲ್ಲ. ಅವರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಹಾಗಾಗಿ ಕ್ಯಾಲೆಂಡರಿನಿಂದಲೇ ಶುರು ಮಾಡುತ್ತೇನೆ.

ಐಐಟಿಗಳು ಎಂ.ಎಸ್ಸಿ. ಪ್ರವೇಶಕ್ಕೆ ನಡೆಸುವ ಪರೀಕ್ಷೆಯ ಹೆಸರು ಜ್ಯಾಮ್. 2004ರಿಂದ ನಡೆಯುತ್ತಿದೆ. ಅರ್ಜಿ ಕರೆಯುವುದು ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರುವರಿಯಲ್ಲಿ. ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಗಣಿತೀಯ ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಜೈವಿಕ ತಂತ್ರಜ್ಞಾನ, ಅರ್ಥಶಾಸ್ತ್ರ ಎಂದು ಏಳು ಪತ್ರಿಕೆಗಳು. 3 ಗಂಟೆ, 60 ಪ್ರಶ್ನೆ, 100 ಅಂಕ. ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವವರೇ ಬರೆಯಬಹುದು, ವಯಸ್ಸಿನ ಮಿತಿಯಿಲ್ಲ. ಇದೊಂದು ಪರೀಕ್ಷೆಯ ಅಂಕದ ಮೇಲೆ ಐಐಟಿಗಳಷ್ಟೇ ಅಲ್ಲ, ಸುರತ್ಕಲ್ ಸೇರಿದಂತೆ ಎನ್‌ಐಟಿಗಳ ಎಂ.ಎಸ್ಸಿ. ಸೀಟುಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ. ಕೂಡ ಸಿಗುವ ದಾರಿಯಿದೆ. ಇನ್ನೊಂದು ಸಿಯುಇಟಿ-ಪಿಜಿ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಅದು ಬಾಗಿಲು. ಅದರ ಅರ್ಜಿ ಚಳಿಗಾಲದಲ್ಲಿ, ಪರೀಕ್ಷೆ ಮಾರ್ಚ್ ಹೊತ್ತಿಗೆ. ಐದನೆಯ ಸೆಮಿಸ್ಟರಿನಲ್ಲಿ ಇರುವಾಗಲೇ, ಅಂದರೆ ಗಣಪತಿ ಹಬ್ಬದಿಂದ ದಸರೆಯೊಳಗೆ ಈ ಲೆಕ್ಕ ಮುಗಿಯಬೇಕು.

ಯಾವ ಬಾಗಿಲಿಗೆ ಯಾವ ಕೀಲಿ

ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಎಂ.ಎಸ್ಸಿ. ಮಾಡಿದರೆ ನೌಕರಿ ಸಿಗುತ್ತದೋ ಇಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಯಾವ ನೌಕರಿಗೆ ಎಂ.ಎಸ್ಸಿ. ಇಲ್ಲದೆ ಅರ್ಜಿಯನ್ನೇ ಹಾಕಲಾಗದು, ಯಾವುದಕ್ಕೆ ಅದರ ಅಗತ್ಯವೇ ಇಲ್ಲ ಎನ್ನುವುದನ್ನು ಮಾತ್ರ ಖಚಿತವಾಗಿ ಹೇಳಬಹುದು.

ಪಿಡಿಒ, ಪಿಎಸ್‌ಐ, ಎಫ್‌ಡಿಎ, ಬ್ಯಾಂಕು, ಕೆಎಎಸ್ ಇವಕ್ಕೆಲ್ಲ ಬಿ.ಎಸ್ಸಿ. ಸಾಕು. ಮನಸ್ಸು ಅಲ್ಲಿದ್ದರೆ ಎಂ.ಎಸ್ಸಿ.ಗೆ ಹೆಸರು ಹಚ್ಚಿ, ಹಾಸ್ಟೆಲಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಹಾಗೆ ಮಾಡಿ ಎರಡೂ ಕಡೆ ಸೋತ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ದಡ್ಡರು ಯಾರೂ ಇರಲಿಲ್ಲ, ಅದೇ ನನಗೆ ಸಂಕಟ. ಹೈಸ್ಕೂಲು ಮಾಸ್ತರಿಕೆಗೂ ಬಿ.ಎಸ್ಸಿ. ಜೊತೆ ಎರಡು ವರ್ಷದ ಬಿ.ಎಡ್. ಇದ್ದರಾಯಿತು.

ಪಿಯು ಕಾಲೇಜಿನ ಉಪನ್ಯಾಸಕರಾಗಲು ಮಾತ್ರ 55 ಪರ್ಸೆಂಟ್ ಅಂಕದ ಎಂ.ಎಸ್ಸಿ. ಬೇಕು, ಬಿ.ಎಡ್. ಕೂಡ ಬೇಕು. ಬಿ.ಎಸ್ಸಿ. ಆದಮೇಲೆ ನಾಲ್ಕು ವರ್ಷವಾಯಿತು ಎಂದು ಮೊದಲೇ ಎಣಿಸಿಕೊಳ್ಳಿ. ಪದವಿ ಕಾಲೇಜಿಗಾದರೆ ಎಂ.ಎಸ್ಸಿ. ಮೇಲೆ ಎನ್‌ಇಟಿ ಅಥವಾ ಕೆ-ಸೆಟ್ ಪಾಸಾಗಿರಬೇಕು. 2023ರಲ್ಲಿ ಯುಜಿಸಿ ಪಿಎಚ್.ಡಿ. ಕಡ್ಡಾಯವನ್ನು ತೆಗೆದು ಇವನ್ನೇ ಕನಿಷ್ಠ ಅರ್ಹತೆ ಮಾಡಿದೆ. ಅತಿಥಿ ಉಪನ್ಯಾಸಕರಲ್ಲಿಯೂ ಯುಜಿಸಿ ಅರ್ಹತೆ ಇದ್ದವರಿಗೆ ಒಂದು ಸಂಬಳ, ಇಲ್ಲದವರಿಗೆ ಇನ್ನೊಂದು. ಬರೀ ಎಂ.ಎಸ್ಸಿ. ಹಿಡಿದು ಬಂದವರು ವರ್ಷವರ್ಷ ಹೊಸ ಆದೇಶಕ್ಕೆ ಕಾಯುವುದನ್ನು ನಮ್ಮ ಊರುಗಳ ಕಾಲೇಜುಗಳಲ್ಲಿ ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಕಲಿಸುವ ಕೆಲಸಕ್ಕೆಂದು ಎಂ.ಎಸ್ಸಿ. ಮಾಡುವವರು ಎನ್‌ಇಟಿಯನ್ನೂ ಅದರ ಜೊತೆಗೇ ಕಟ್ಟಿಕೊಳ್ಳಬೇಕು. ಎಂ.ಎಸ್ಸಿ. ಕೊನೆಯ ವರ್ಷದಲ್ಲೇ ಅದನ್ನು ಬರೆಯಬಹುದು. ಅದರಲ್ಲಿ ಜೆಆರ್‌ಎಫ್ ಬಂದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. 2023ರಿಂದ ಇರುವ ದರ ಇದು.

ಅಷ್ಟಾಗಿ ಸುದ್ದಿ ಮುಟ್ಟದ ಹುದ್ದೆಗಳೂ ಇವೆ. ಆಹಾರ ಸುರಕ್ಷತಾ ಅಧಿಕಾರಿಯಾಗಲು ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿಯಲ್ಲಿ ಪದವಿ ಇದ್ದರೆ ಸಾಕು, ರಸಾಯನಶಾಸ್ತ್ರದವರಿಗೆ ಮಾತ್ರ ಸ್ನಾತಕೋತ್ತರ ಪದವಿಯೇ ಬೇಕು. ಯುಪಿಎಸ್‌ಸಿಯ ಭೂವಿಜ್ಞಾನಿಗಳ ಪರೀಕ್ಷೆಯಲ್ಲಿ ಜಿಯಾಲಜಿಸ್ಟ್ ಹುದ್ದೆಗೆ ಭೂವಿಜ್ಞಾನದ, ಕೆಮಿಸ್ಟ್ ಹುದ್ದೆಗೆ ರಸಾಯನಶಾಸ್ತ್ರದ ಎಂ.ಎಸ್ಸಿ. ಬೇಕು. ಖಾಸಗಿ ಔಷಧ ಕಂಪನಿಗಳ ಸಂಶೋಧನಾ ಲ್ಯಾಬುಗಳು ಸಾವಯವ ರಸಾಯನ ಓದಿದ ಎಂ.ಎಸ್ಸಿ.ಗಳನ್ನು ಹುಡುಕುತ್ತವೆ. ಆದರೆ ಅವು ಇರುವುದು ಬೆಂಗಳೂರು, ಹೈದರಾಬಾದ್, ಮುಂಬೈ, ಗೋವೆಯ ಕಡೆ. ಊರು ಬಿಡಲು ಮನೆಯವರು ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಈಗಲೇ ಕೇಳಿಕೊಳ್ಳಿ.

ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಮಕ್ಕಳಿಗೆ ನೇರವಾಗಿ ಹೇಳುತ್ತೇನೆ: ಹುದ್ದೆಗಳು ಕಡಿಮೆ. ವಿಷಯದ ಮೇಲೆ ನಿಜವಾದ ಪ್ರೀತಿಯಿದ್ದು, ಪಿಎಚ್.ಡಿ.ವರೆಗೆ ಹೋಗುವ ತಾಳ್ಮೆಯಿದ್ದರೆ ಮಾತ್ರ ಕೈಹಾಕಿ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಕೃಷಿ ಪದವಿಯವರಿಗೆ. ಸಾಮಾನ್ಯ ಬಿ.ಎಸ್ಸಿ. ಮಾಡಿ ಅಲ್ಲಿ ಬೆಳೆ ವಿಜ್ಞಾನ ಓದುತ್ತೇನೆಂದು ಬರುವ ರೈತರ ಮಕ್ಕಳು ಪ್ರತಿ ವರ್ಷ ನಿರಾಸೆಯಿಂದ ಮರಳುತ್ತಾರೆ.

ಬಸ್ಸಿನಲ್ಲಿ ಕಳೆದ ಎಂ.ಎಸ್ಸಿ.

'ಪೂರ್ಣಾವಧಿ' ಎಂದು ಅರ್ಜಿಯಲ್ಲಿ ಬರೆದಿರುತ್ತದೆ. ಆ ಪದದ ಅರ್ಥ ನಮ್ಮ ಭಾಗದಲ್ಲಿ ಬಸ್ ಸ್ಟ್ಯಾಂಡಿನಲ್ಲಿಯೇ ಸೋರಿಹೋಗುತ್ತದೆ. ಅಥಣಿಯಿಂದ ಬೆಳಗಾವಿಗೆ ಸುಮಾರು 140 ಕಿಲೋಮೀಟರು, ಚಿಕ್ಕೋಡಿಯಿಂದ 75ರ ಮೇಲೆ. "ದಿನಾ ಹೋಗಿ ಬರ್ತೇನ್ರಿ, ಪಾಸ್ ಐತಿ" ಎನ್ನುವ ಮಕ್ಕಳಿಗೆ ನಾನು ಕಟ್ಟುನಿಟ್ಟಾಗಿ ಬೇಡ ಎನ್ನುತ್ತೇನೆ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟು, ಸಂಜೆ ನಾಲ್ಕರ ಬಸ್ಸು ತಪ್ಪಬಾರದೆಂದು ಪ್ರ್ಯಾಕ್ಟಿಕಲ್ ಅರ್ಧಕ್ಕೆ ಬಿಟ್ಟು ಓಡುವವರಿಗೆ ಎರಡು ವರ್ಷದ ಕೊನೆಯಲ್ಲಿ ಪದವಿ ಸಿಗುತ್ತದೆ, ಲ್ಯಾಬು ಸಿಕ್ಕಿರುವುದಿಲ್ಲ.

ವಿಜ್ಞಾನದ ಎಂ.ಎಸ್ಸಿ.ಯ ಜೀವ ಇರುವುದು ಮಧ್ಯಾಹ್ನದ ಲ್ಯಾಬಿನಲ್ಲಿ ಮತ್ತು ಸಂಜೆ ಐದರ ನಂತರದ ಕ್ಯಾಂಪಸ್ಸಿನಲ್ಲಿ. ಸಂಜೆ ನಾಲ್ಕಕ್ಕೆ ಶುರುವಾದ ರಿಫ್ಲಕ್ಸು ಬಸ್ಸಿನ ಟೈಮು ನೋಡಿ ಮುಗಿಯುವುದಿಲ್ಲ. ಪಿಎಚ್.ಡಿ. ಮಾಡುತ್ತಿರುವ ಸೀನಿಯರ್ ಒಬ್ಬರು ಉಪಕರಣ ಬಿಚ್ಚಿ ರಿಪೇರಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದು, ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಎನ್‌ಇಟಿ ಪ್ರಶ್ನೆಯೊಂದರ ಮೇಲೆ ನಾಲ್ವರು ಜಗಳವಾಡಿದ್ದು, ಇವೇ ನಿಮ್ಮನ್ನು ಬಿ.ಎಸ್ಸಿ. ಹುಡುಗನಿಂದ ಎಂ.ಎಸ್ಸಿ. ಮಾಡಿದವನನ್ನಾಗಿ ಬದಲಿಸುವುದು. ದೂರದ ಊರಿನಲ್ಲಿ ಉಳಿಯಲು ಸಾಧ್ಯವೇ ಇಲ್ಲ ಎಂದಾದರೆ ಲ್ಯಾಬ್ ಇರುವ ವಿಷಯಕ್ಕೆ ಸೇರುವ ಮುನ್ನ ಇನ್ನೊಮ್ಮೆ ಯೋಚಿಸಿ. ನಮ್ಮ ಭಾಗದ ಕೆಲವು ಪದವಿ ಕಾಲೇಜುಗಳಲ್ಲೂ ಎಂ.ಎಸ್ಸಿ. ಇದೆ. ಅಲ್ಲಿ ಒಳ್ಳೆಯ ಮೇಷ್ಟ್ರಿದ್ದರೆ, ಮನೆಯ ಹತ್ತಿರದ ಆ ಸೀಟು ಬಸ್ಸಿನಲ್ಲಿ ಕಳೆದುಹೋಗುವ ವಿಶ್ವವಿದ್ಯಾಲಯದ ಸೀಟಿಗಿಂತ ಮೇಲು.

ಗಣಿತದವರ ಮಾತು ಬೇರೆ. ಅವರಿಗೆ ಬೇಕಾದ್ದು ಕಾಗದ, ಪೆನ್ನು, ತಿದ್ದುವ ಒಬ್ಬರು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಶಾಲೆಯಲ್ಲಿ ಕೆಲಸ ಹಿಡಿದು, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಗಣಿತದ ಎಂ.ಎಸ್ಸಿ. ಮಾಡುವುದು ಮರ್ಯಾದೆಯ ದಾರಿಯೇ. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಪದವಿಗೆ ನೌಕರಿಯಲ್ಲಿ ರೆಗ್ಯುಲರ್ ಪದವಿಯಷ್ಟೇ ಬೆಲೆ. ರಸಾಯನ, ಜೀವವಿಜ್ಞಾನಗಳಿಗೆ ಈ ದಾರಿಯನ್ನು ನಾನು ಹೇಳಲಾರೆ.

ಧಾರವಾಡ, ಬೆಳಗಾವಿ, ಕೊಲ್ಹಾಪುರ

ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಈ ಐದು ತಾಲೂಕಿನವರಿಗೆ ಒಂದು ಅನುಕೂಲವಿದೆ: ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳು ಕೈಗೆಟುಕುವ ದೂರದಲ್ಲಿವೆ.

ನಮ್ಮದೇ ಆದದ್ದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2010ರಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು ಬೆಳಗಾವಿಯ ಭೂತರಾಮನಹಟ್ಟಿಯಲ್ಲಿ ಇದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 1949ರಲ್ಲಿ ಸ್ಥಾಪನೆಯಾದ ಧಾರವಾಡದ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ವಿಭಾಗಗಳು ಹಳೆಯವು, ವಿಷಯಗಳೂ ಹೆಚ್ಚು. ಭೂವಿಜ್ಞಾನ, ಸಂಖ್ಯಾಶಾಸ್ತ್ರದಂಥವು ಕೂಡ ಇವೆ, ದೊಡ್ಡ ಉಪಕರಣಗಳಿಗೆ ಯುಎಸ್‌ಐಸಿ ಎಂಬ ಪ್ರತ್ಯೇಕ ಕೇಂದ್ರವಿದೆ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿ, ಗಣಿತ ಓದಲು ಕೇಂಬ್ರಿಜ್‌ವರೆಗೆ ಹೋದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿ ಆ ವಿಶ್ವವಿದ್ಯಾಲಯವನ್ನು ಕಟ್ಟಿದವರು. ನಮ್ಮ ಪಕ್ಕದ ಹಳ್ಳಿಯವರು ಎಂದು ಮಕ್ಕಳಿಗೆ ಹೇಳುವಾಗ ನನಗೆ ಈಗಲೂ ಹೆಮ್ಮೆ. ಆದರೆ ಒಂದು ಎಚ್ಚರ: ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮಾಡಿದವರಿಗೆ ಧಾರವಾಡ ಈಗ ಬೇರೆ ವಿಶ್ವವಿದ್ಯಾಲಯ. 'ಇತರ ವಿಶ್ವವಿದ್ಯಾಲಯ'ದವರಿಗೆ ಸೀಟು ಎಷ್ಟು, ಯಾವ ನಿಯಮ ಎಂದು ಆ ವರ್ಷದ ಪ್ರಾಸ್ಪೆಕ್ಟಸ್ಸಿನಲ್ಲಿ ಮೊದಲು ನೋಡಿ.

ರಾಯಬಾಗ, ಕುಡಚಿಯವರಿಗೆ ಮಿರಜ–ಲೋಂಡಾ ರೈಲು ಮಾರ್ಗ ಇರುವುದರಿಂದ ಧಾರವಾಡಕ್ಕೆ ರೈಲಿನಲ್ಲೇ ಹೋಗಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವುದು ಕಷ್ಟವೇನಲ್ಲ. ಅಥಣಿಯ ಹೆಣ್ಣುಮಕ್ಕಳಿಗೆ ಬೆಳಗಾವಿಗಿಂತ ವಿಜಯಪುರವೇ ಹತ್ತಿರ. ಅಲ್ಲಿ 2003ರಿಂದ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಎಂ.ಎಸ್ಸಿ.ಗಳಿವೆ, ಹಾಸ್ಟೆಲ್ ಇದೆ. ಮಗಳನ್ನು ದೂರ ಕಳಿಸಲು ಅಂಜುವ ಮನೆಯವರ ಜೊತೆ ಮಾತಾಡುವಾಗ ನಾನು ಮೊದಲು ಹೆಸರಿಸುವುದು ಅದನ್ನೇ.

ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು, ಹೆದ್ದಾರಿಯ ದಾರಿ. ಕಾಗವಾಡದಿಂದ ಮಿರಜ ಇನ್ನೂ ಹತ್ತಿರ. 1962ರಲ್ಲಿ ಶುರುವಾದ ಶಿವಾಜಿ ವಿಶ್ವವಿದ್ಯಾಲಯ ವಿಜ್ಞಾನಕ್ಕೆ ಒಳ್ಳೆಯ ಹೆಸರು ಮಾಡಿದೆ, ಅದರ ಪದವಿ ಕರ್ನಾಟಕದಲ್ಲೂ ನಡೆಯುತ್ತದೆ. ಭಾಷೆಯ ಅಂಜಿಕೆಯೂ ನಮ್ಮವರಿಗೆ ಇಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದವರು, ಎಂ.ಎಸ್ಸಿ. ಪಾಠವಂತೂ ಎರಡೂ ಕಡೆ ಇಂಗ್ಲಿಷಿನಲ್ಲಿ. ತೊಡಕು ಬರುವುದು ಕಾಗದಪತ್ರದಲ್ಲಿ. ಹೊರರಾಜ್ಯದವರ ಸೀಟು ಎಷ್ಟು, ಫೀ ಎಷ್ಟು, ಗಡಿಭಾಗದವರಿಗೆ ರಿಯಾಯಿತಿ ಇದೆಯೋ, ಕರ್ನಾಟಕದ ಸ್ಕಾಲರ್‌ಶಿಪ್ ಗಡಿ ದಾಟಿದರೆ ಮುಂದುವರಿಯುತ್ತದೋ ಎಂಬ ನಾಲ್ಕು ಪ್ರಶ್ನೆಗಳನ್ನು ಎರಡೂ ಕಡೆಯ ಕಚೇರಿಯಲ್ಲಿ ಕೇಳಿಯೇ ಅರ್ಜಿ ತುಂಬಿ.

ನಿಪ್ಪಾಣಿಯಲ್ಲಿ ಇನ್ನೊಂದು ವಿಚಿತ್ರವಿದೆ. ಒಂದೇ ಓಣಿಯ ಇಬ್ಬರಲ್ಲಿ ಒಬ್ಬ ಊರೊಳಗಿನ ಜಿ.ಐ. ಬಾಗೇವಾಡಿ ಕಾಲೇಜಿಗೆ ಹೋಗುತ್ತಾನೆ, ಇನ್ನೊಬ್ಬ ಊರಿಗೆ ಹತ್ತಿಕೊಂಡೇ ಇರುವ, ಆದರೆ ಮಹಾರಾಷ್ಟ್ರದ ನೆಲದಲ್ಲಿರುವ ಅರ್ಜುನನಗರದ ದೇವಚಂದ ಕಾಲೇಜಿಗೆ. ಹಾಗಾಗಿ ಇಬ್ಬರ ಪದವಿಯ ವರ್ಷಗಳ ಲೆಕ್ಕವೇ ಬೇರೆ. 2021-22ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿದ್ದ ಕರ್ನಾಟಕ 2024-25ರಿಂದ ಮೂರು ವರ್ಷಕ್ಕೆ ಮರಳಿತು. ಮಹಾರಾಷ್ಟ್ರ ನಾಲ್ಕು ವರ್ಷದ ದಾರಿಯಲ್ಲೇ ಇದೆ. ಮೂರು ವರ್ಷದವರಿಗೆ ಎಂ.ಎಸ್ಸಿ. ಎರಡು ವರ್ಷ, ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಎಂ.ಎಸ್ಸಿ.ಗೆ ಯುಜಿಸಿ ಅವಕಾಶ ಕೊಟ್ಟಿದೆ, 75 ಪರ್ಸೆಂಟ್ ಇದ್ದರೆ ಎನ್‌ಇಟಿ, ಪಿಎಚ್.ಡಿ.ಗೂ ನೇರ ದಾರಿಯಿದೆ. ಅರ್ಜುನನಗರದ ಕಡೆ ಓದುತ್ತಿರುವವರು ಮೂರನೆಯ ವರ್ಷದಲ್ಲಿ ಹೊರಬರಬೇಕೋ ನಾಲ್ಕನೆಯದನ್ನೂ ಮುಗಿಸಬೇಕೋ ಎಂಬುದು ಹಾಗಾಗಿ ಎಂ.ಎಸ್ಸಿ.ಯ ಪ್ರಶ್ನೆಯೂ ಹೌದು.

ಎಲ್ಲಿಗೇ ಹೋಗುವುದಿದ್ದರೂ ಅರ್ಜಿಗೆ ಮುನ್ನ ಒಂದು ದಿನ ಆ ವಿಭಾಗಕ್ಕೆ ಹೋಗಿ ಬನ್ನಿ. ಪ್ರಾಧ್ಯಾಪಕರನ್ನಲ್ಲ, ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ. ಕಾಯಂ ಅಧ್ಯಾಪಕರು ಎಷ್ಟು ಜನ? ಯುವಿ, ಐಆರ್ ಉಪಕರಣಗಳನ್ನು ಮಕ್ಕಳು ಮುಟ್ಟುತ್ತಾರೋ, ಗಾಜಿನಾಚೆಯಿಂದ ನೋಡುತ್ತಾರೋ? ಹೋದ ವರ್ಷ ಎಷ್ಟು ಜನ ಎನ್‌ಇಟಿ, ಗೇಟ್ ಪಾಸಾದರು? ಲೈಬ್ರರಿ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ? ಅವರು ಕೊಡುವ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಕಬ್ಬಿನ ಬಿಲ್ಲು ಮತ್ತು ಫೀ ಕಟ್ಟುವ ತಿಂಗಳು

ರೊಕ್ಕದ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ನಿಮ್ಮ ಅಂಕಿ ಬೇರೆ ಇರಬಹುದು. ಉದಾಹರಣೆಗೆ ಖೋಲಿ ಬಾಡಿಗೆ, ಖಾನಾವಳಿ ಸೇರಿ ತಿಂಗಳಿಗೆ 6,000 ಎಂದು ಇಟ್ಟುಕೊಂಡರೆ 20 ತಿಂಗಳಿಗೆ 1,20,000. ಎರಡು ವರ್ಷದ ಫೀ, ಪುಸ್ತಕ, ಓಡಾಟಕ್ಕೆ 60,000. ಆ ಎರಡು ವರ್ಷ ಎಲ್ಲಾದರೂ 14,000ದ ಕೆಲಸ ಮಾಡಿದ್ದರೆ ಬರುತ್ತಿದ್ದ 3,36,000. ಒಟ್ಟು 5,16,000 ರೂಪಾಯಿಯ ಮಾತು ಇದು. ಕೊನೆಯ ಅಂಕಿಯನ್ನು ಮನೆಯಲ್ಲಿ ಯಾರೂ ಹಿಡಿಯುವುದಿಲ್ಲ, ಆದರೆ ತಂಗಿಯ ಮದುವೆ, ಬೋರ್‌ವೆಲ್ ಸಾಲ ಇರುವ ಮನೆಯಲ್ಲಿ ಅದೇ ದೊಡ್ಡದು.

ನಮ್ಮ ಕಡೆಯ ನಿಜವಾದ ಪೆಟ್ಟು ಬೀಳುವುದು ತಿಂಗಳಿನಲ್ಲಿ. ಫೀ, ಹಾಸ್ಟೆಲ್ ಡಿಪಾಸಿಟ್ ಕಟ್ಟಬೇಕಾದದ್ದು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಫ್ಯಾಕ್ಟರಿಯ ಸೀಜನ್ ಶುರುವಾಗುವುದು ಅದಾದ ಮೇಲೆ. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೂ ರೊಕ್ಕ ಕೈಗೆ ಬರುವಷ್ಟರಲ್ಲಿ ಮೊದಲ ಸೆಮಿಸ್ಟರೇ ಮುಗಿದಿರುತ್ತದೆ. ನಡುವಿನ ಈ ನಾಲ್ಕು ತಿಂಗಳಿಗೆ ಬಡ್ಡಿ ಸಾಲ ತಂದ ಮನೆಗಳು ನನಗೆ ಗೊತ್ತು. ಹಾಗಾಗಿ ಎಂ.ಎಸ್ಸಿ. ನಿರ್ಧಾರ ಹಿಂದಿನ ವರ್ಷವೇ ಆದರೆ ಹಿಂದಿನ ಸೀಜನ್ನಿನ ಬಿಲ್ಲಿನಲ್ಲಿ ಒಂದಷ್ಟು ತೆಗೆದಿಡಬಹುದು.

ಆಸರೆಗಳೂ ಇವೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಲ್ಲಿ ತಿಂಗಳ ನೆರವು. ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೆ ವಿಶ್ವವಿದ್ಯಾಲಯದ ಅರ್ಜಿಯಿಂದ ಬೇರೆಯೇ ಅರ್ಜಿ ಹಾಕಬೇಕು. ಸೀಟು ಸಿಕ್ಕ ಸಂತೋಷದಲ್ಲಿ ಅದನ್ನು ಮರೆಯುವವರೇ ಹೆಚ್ಚು. ಯುಜಿಸಿಯ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನ ಎಲ್ಲಕ್ಕಿಂತ ದೊಡ್ಡದು: ಪದವಿಯ ಅಂಕದ ಮೇಲೆ ಆಯ್ಕೆ, ತಿಂಗಳಿಗೆ 15,000ದಂತೆ ವರ್ಷಕ್ಕೆ 10 ತಿಂಗಳು. ರೆಗ್ಯುಲರ್ ಎಂ.ಎಸ್ಸಿ.ಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಅಡವಿಲ್ಲದೆ ಸಿಗುತ್ತದೆ. ಧಾರವಾಡದ ಮುರುಘಾಮಠದಂಥ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ತಲೆಮಾರುಗಳೇ ನಮ್ಮ ಭಾಗದಲ್ಲಿವೆ. ಕೇಳಲು ಸಂಕೋಚ ಪಡಬೇಡಿ.

ಯುವನಿಧಿಯ ಬಗ್ಗೆಯೂ ಕೇಳುತ್ತಾರೆ. ಪದವಿ ಮುಗಿಸಿ ಕೆಲಸವಿಲ್ಲದವರಿಗೆ ತಿಂಗಳಿಗೆ 3,000 ಕೊಡುವ ಆ ಯೋಜನೆ ಮುಂದೆ ಓದುತ್ತಿರುವವರಿಗೆ ಇಲ್ಲ. ಆ 3,000ಕ್ಕಾಗಿ ಓದು ಬಿಡುವುದೂ ಬೇಡ, ಓದುತ್ತಾ ಅದಕ್ಕೆ ಅರ್ಜಿ ಹಾಕುವುದೂ ಬೇಡ.

ಫ್ಯಾಕ್ಟರಿ ಲ್ಯಾಬ್ ಸೋಲಲ್ಲ

1939ರಲ್ಲಿ ಶುರುವಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥದವರೆಗೆ ಈ ತಾಲೂಕುಗಳಲ್ಲಿ ಸಕ್ಕರೆ ಫ್ಯಾಕ್ಟರಿಗಳ ಸಾಲೇ ಇದೆ. ಪ್ರತಿಯೊಂದರಲ್ಲೂ ಲ್ಯಾಬ್ ಇದೆ. ರಸದ ಬ್ರಿಕ್ಸ್, ಪೋಲ್, ಪ್ಯೂರಿಟಿ ನೋಡುವ ಲ್ಯಾಬ್ ಕೆಮಿಸ್ಟ್ ಕೆಲಸಕ್ಕೆ ರಸಾಯನಶಾಸ್ತ್ರದ ಬಿ.ಎಸ್ಸಿ. ಸಾಕು. ಸೀಜನ್ನಿಗಷ್ಟೇ ಕೆಲಸ, ರಾತ್ರಿ ಪಾಳಿ, ಮೊದಲು ಕಡಿಮೆ ಪಗಾರ ಎನ್ನುವುದು ನಿಜ. ಆದರೆ ಇಲ್ಲಿ ಮೇಲೆ ಹತ್ತಲು ಬೇಕಾದ ಮೆಟ್ಟಿಲು ಎಂ.ಎಸ್ಸಿ. ಅಲ್ಲ, ಸಕ್ಕರೆ ತಂತ್ರಜ್ಞಾನದ ಡಿಪ್ಲೊಮಾ. ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್, ಚೀಫ್ ಕೆಮಿಸ್ಟ್ ಆಗುವವರು ಅದನ್ನು ಮಾಡಿಕೊಂಡವರು. ಅದಕ್ಕೆ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ, ಪುಣೆ ಹತ್ತಿರದ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇವೆ. ನಮ್ಮ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಎಥನಾಲ್ ಘಟಕಗಳು ಬಂದಮೇಲೆ ಡಿಸ್ಟಿಲರಿ ತಿಳಿದವರ ಕೆಲಸವೂ ಹೆಚ್ಚಿದೆ. ರಸಾಯನದ ವಿದ್ಯಾರ್ಥಿ ಊರಲ್ಲೇ ಇರಬೇಕೆಂದಿದ್ದರೆ, ನನ್ನ ಮಗನೇ ಆಗಿದ್ದರೂ ಎಂ.ಎಸ್ಸಿ.ಗಿಂತ ಮೊದಲು ಇದನ್ನು ನೋಡು ಎನ್ನುತ್ತಿದ್ದೆ.

ಒಂದು ಸೀಜನ್ ಲ್ಯಾಬಿನಲ್ಲಿ ದುಡಿದು ಆಮೇಲೆ ಎಂ.ಎಸ್ಸಿ.ಗೆ ಹೋಗುವುದರಲ್ಲೂ ತಪ್ಪಿಲ್ಲ. 'ಗ್ಯಾಪ್' ಬಿತ್ತು ಎಂದು ಅಂಜಬೇಡಿ. ಒಂದೇ ತೊಡಕು, ಜ್ಯಾಮ್ ಪರೀಕ್ಷೆ ಬರುವ ಫೆಬ್ರುವರಿಯಲ್ಲಿ ಫ್ಯಾಕ್ಟರಿ ಭರಾಟೆಯಲ್ಲಿರುತ್ತದೆ. ರಜೆಯ ಮಾತನ್ನು ಸೇರುವಾಗಲೇ ಆಡಿಕೊಳ್ಳಿ.

ಮನಸ್ಸಿದೆಯೋ ಇಲ್ಲವೋ

ಅಂಕ ಚೆನ್ನಾಗಿ ಬಂದಿದೆ ಎನ್ನುವುದು ಎಂ.ಎಸ್ಸಿ. ಮಾಡಲು ಕಾರಣವಲ್ಲ. ನೋಟ್ಸ್ ಬಾಯಿಪಾಠ ಮಾಡಿ 80 ತೆಗೆದವರಿಗೆ ಎಂ.ಎಸ್ಸಿ. ಮೊದಲ ಸೆಮಿಸ್ಟರಿನ ಕ್ವಾಂಟಮ್ ಮೆಕ್ಯಾನಿಕ್ಸ್ ಪತ್ರಿಕೆ ಕಣ್ಣಲ್ಲಿ ನೀರು ತರಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದವರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅವರು ವಿಷಯ ತಿಳಿದಿದ್ದೂ ಇಂಗ್ಲಿಷ್ ಪುಸ್ತಕ ಕಂಡು ಹಿಂಜರಿಯುತ್ತಾರೆ. ಕೊನೆಯ ವರ್ಷ ಒಂದೇ ಒಂದು ದೊಡ್ಡ ಪುಸ್ತಕ ಹಿಡಿಯಿರಿ. ಭೌತಶಾಸ್ತ್ರದವರು ಗ್ರಿಫಿತ್ಸ್, ರಸಾಯನದವರು ಆಟ್ಕಿನ್ಸ್, ಗಣಿತದವರು ಬಾರ್ಟಲ್ ಮತ್ತು ಶೆರ್‌ಬರ್ಟ್. ದಿನಕ್ಕೆ ಎರಡೇ ಪುಟವಾದರೂ ಸರಿ, ಲೆಕ್ಕ ಸ್ವತಃ ಬಿಡಿಸುತ್ತ ಮೂರು ತಿಂಗಳು ಓದಿ. ಓದಲು ಆಗದಿದ್ದರೂ ಬಿಡಲು ಮನಸ್ಸಾಗದಿದ್ದರೆ ನೀವು ಎಂ.ಎಸ್ಸಿ.ಯವರು.

ಇನ್ನೊಂದು ಒಳ್ಳೆಯ ಪರೀಕ್ಷೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಬಿ.ಎಸ್ಸಿ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಇದ್ದು ಬಂದರೆ ಸಂಶೋಧನೆ ಎಂದರೆ ಏನೆಂದು ಗೊತ್ತಾಗುತ್ತದೆ. ಗಣಿತದವರಿಗೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಬೇಸಿಗೆ ಶಿಬಿರವಿದೆ. ನಮ್ಮ ತಾಲೂಕುಗಳಿಂದ ಇವಕ್ಕೆ ಅರ್ಜಿ ಹಾಕುವವರು ಬೆರಳೆಣಿಕೆ. ಪ್ರಿನ್ಸಿಪಾಲರು ನೋಟಿಸ್ ಬೋರ್ಡಿಗೆ ಹಚ್ಚಿದರೂ ಸಾಕು ಎಂದು ನಾನು ಹೋದಲ್ಲೆಲ್ಲ ಕೇಳಿಕೊಳ್ಳುತ್ತೇನೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. "ಬಿ.ಎಸ್ಸಿ. ಸಾಕು, ಮುಂದಿಂದು ಗಂಡನ ಮನಿಯವರು ಓದಸ್ತಾರ" ಎನ್ನುವುದನ್ನು ನಾನು ನಂಬುವುದಿಲ್ಲ. ಲ್ಯಾಬ್ ಇರುವ ಎಂ.ಎಸ್ಸಿ.ಯನ್ನು ಅಡುಗೆಮನೆ, ಮಗು, ಲ್ಯಾಬು ಮೂರನ್ನೂ ಹೊತ್ತು ಮಾಡುವುದು ಎಷ್ಟು ಕಠಿಣವೆಂದು ಮಾಡಿದವರನ್ನೇ ಕೇಳಿ. ಜೆಆರ್‌ಎಫ್ ವಯೋಮಿತಿಯಲ್ಲಿ ಮಹಿಳೆಯರಿಗೆ ಐದು ವರ್ಷದ ಸಡಿಲಿಕೆ ಇದೆ, ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಬಸ್ಸು ಉಚಿತ. ಮಗಳಿಗೆ ಬೇಕಾದ ಎರಡು ವರ್ಷ ಮಾತ್ರ ಮನೆಯವರು ಕೊಡಬೇಕು.

ಇದನ್ನು ಜುಲೈನಲ್ಲಿ, ರಿಸಲ್ಟ್ ಬಂದಮೇಲೆ ಓದುತ್ತಿರುವವರು ಇದ್ದೇ ಇರುತ್ತೀರಿ. ರಾಣಿ ಚನ್ನಮ್ಮ, ಧಾರವಾಡ, ವಿಜಯಪುರದ ಅರ್ಜಿಗಳನ್ನು ಹಾಕಿ. ಬೇಕಾದ ವಿಷಯ, ಉಳಿಯಲು ಜಾಗ ಎರಡೂ ಸಿಕ್ಕರೆ ಸೇರಿಕೊಳ್ಳಿ. ಸಿಗದಿದ್ದರೆ ಬಂದ ಸೀಟಿಗೆಲ್ಲ ಹೂಂ ಎನ್ನಬೇಡಿ. ಜ್ಯಾಮ್‌ನ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಮ್ಮ ವಿಷಯದ ಒಂದು ಪತ್ರಿಕೆ ತೆಗೆಸಿಕೊಳ್ಳಿ. ರವಿವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ, ಮೊಬೈಲು ಅವ್ವನ ಕೈಗೆ ಕೊಟ್ಟು, ಗಡಿಯಾರ ಮುಂದಿಟ್ಟುಕೊಂಡು ಬರೆಯಿರಿ. ಅಂಕ ಎಷ್ಟು ಬಂದರೂ ಇರಲಿ. ಬಿಡಿಸಲಾಗದ ಆ ಒಂದು ಲೆಕ್ಕ ಮಧ್ಯಾಹ್ನ ಊಟ ಮಾಡುವಾಗಲೂ ತಲೆಯಲ್ಲಿ ಕೂತಿತ್ತೋ ಇಲ್ಲವೋ, ಸಂಜೆ ನನಗೆ ಅದನ್ನು ಫೋನ್ ಮಾಡಿ ಹೇಳಿ.